ಹಾಡು ಬಿಟ್ಟು ಸಿನಿಮಾ ಕವಿತೆಗೆ ಕೊಟ್ಟಿದ್ದೇನು?

ಸಿನಿಮಾ ಹಾಡು ಬಿಡಿ, ಸಿನಿಮಾದಿಂದ ಹೊಸ ಕವಿತೆಗೆ ಬೇರೇನಾದರೂ ಸಿಕ್ಕಿದೆಯಾ ಅಂತ ಕೇಳಿದ್ದೀರಿ. ನನಗಂತೂ ಸಿಕ್ಕಿದ್ದು ಕತ್ತರಿ. ಎಡಿಟಿಂಗ್ ಟೇಬಲ್ಲಿನ ಕತ್ತರಿ.

ನಾನು ಸಾಗರದ ಕಡೆಯವನು, ಮನೆಯಲ್ಲಿ ಅಡಿಕೆ ತೋಟ. ಕಾಲೇಜಿನಲ್ಲಿದ್ದಾಗ ಒಂದು ಕವಿತೆ ಬರೆದಿದ್ದೆ:

ಚೊಗರಿನಂತೆ ಕೆಂಪಾದ ಅಮ್ಮನ ಬೆರಳು,
ಕುದಿವ ಹಂಡೆಯಂತೆ ಅವಳ ಒಡಲು

ಚೊಗರು ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಎರಡು ಸಾಲಿಗೆ ಎರಡು ‘ಅಂತೆ’! ಆಗ ಭಾರಿ ಹೆಮ್ಮೆ ಪಟ್ಟಿದ್ದೆ.

ಆಮೇಲೆ ಹೆಗ್ಗೋಡಿನಲ್ಲಿ ಸಿನಿಮಾ ನೋಡುವ ಚಟ ಹತ್ತಿತು. ಅಲ್ಲಿನ ನಾಟಕ ಸಂಸ್ಥೆ ನೀನಾಸಂನವರು 1973ರಲ್ಲೇ ಸಿನಿಮಾ ತೋರಿಸೋಕೆ ಅಂತ ಚಿತ್ರಸಮಾಜ ಶುರುಮಾಡಿದ್ದರು. ಒಂದು ಹಳೇ ಕಪ್ಪುಬಿಳುಪು ಸಿನಿಮಾದಲ್ಲಿ ಒಂದು ಮುಖ ಬಂತು, ಹಿಂದೆಯೇ ಖಾಲಿ ತಟ್ಟೆ. ‘ಇವನಿಗೆ ಹಸಿವು’ ಅಂತ ಯಾರೂ ಹೇಳಲಿಲ್ಲ. ಹೊಟ್ಟೆ ಚುರ್ ಅಂದಿದ್ದು ನನ್ನದು. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಒಬ್ಬನೇ ನಟನ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ತಟ್ಟೆ, ಒಮ್ಮೆ ಶವಪೆಟ್ಟಿಗೆ ಜೋಡಿಸಿ ತೋರಿಸಿದ್ದೂ ಇದನ್ನೇ.

ಮನೆಗೆ ಬಂದು ಕವಿತೆ ತಿದ್ದಿದೆ:

ಹಂಡೆಯಲ್ಲಿ ಚೊಗರು.
ಅಮ್ಮನ ಬೆರಳು.
ಜಗಲಿ ಕೆಳಗೆ ಯಾರದೋ ಚಪ್ಪಲಿ.

ಕೊನೆಯ ಸಾಲು ಮೊದಲು ಇರಲೇ ಇಲ್ಲ. ‘ಅಂತೆ’ ಎದ್ದು ಹೋದ ಜಾಗಕ್ಕೆ ಅದು ತಾನಾಗಿ ಬಂದು ಕೂತಿತು.

ಹಾಗಂತ ಎಲ್ಲಾ ಸಿನಿಮಾದ್ದೇ ಕೊಡುಗೆ ಅಂದರೆ ಜಾಸ್ತಿಯಾಯ್ತು. ರಷ್ಯಾದ ಇನ್ನೊಬ್ಬ ನಿರ್ದೇಶಕ ಐಸೆನ್‌ಸ್ಟೈನ್ 1929ರಲ್ಲಿ ಮಾಂಟಾಜ್ ಬಗ್ಗೆ, ಅಂದರೆ ಚಿತ್ರದ ಪಕ್ಕ ಚಿತ್ರ ಜೋಡಿಸಿ ಅರ್ಥ ಹುಟ್ಟಿಸುವುದರ ಬಗ್ಗೆ ಬರೆಯುವಾಗ ಜಪಾನಿನ ಪುಟ್ಟ ಕವಿತೆ ಹೈಕುವನ್ನೇ ಉದಾಹರಣೆಗೆ ತಗೊಂಡ. ಅಲ್ಲಿನ ಲಿಪಿಯನ್ನೂ ತೋರಿಸಿದ: ಕಣ್ಣಿನ ಚಿತ್ರದ ಪಕ್ಕ ನೀರಿನ ಚಿತ್ರ ಇಟ್ಟರೆ ‘ಅಳು’. ಅಂದರೆ ಕವಿತೆಯಲ್ಲಿ ಮೊದಲೇ ಇದ್ದ ಸಾಮಾನನ್ನೇ ಸಿನಿಮಾ ನಮಗೆ ವಾಪಸ್ ಕೊಟ್ಟಿದೆ, ಅಲ್ವಾ? ನಮ್ಮ ಜಿಲ್ಲೆಯ ಲಂಕೇಶರು ಕವಿತೆಯನ್ನೂ ಬರೆದರು, ‘ಪಲ್ಲವಿ’ಯಂಥ ಸಿನಿಮಾವನ್ನೂ ಮಾಡಿದರು. ಅಂಥವರಲ್ಲಿ ಯಾವುದು ಯಾವುದರಿಂದ ಬಂತು ಅಂತ ಬಿಡಿಸೋಕೆ ನಾನಂತೂ ಹೋಗುವುದಿಲ್ಲ.

ಈಗ ಬರುವ ಕೆಲವು ಕವಿತೆಗಳಲ್ಲಿ ಬರೀ ಕತ್ತರಿಯದೇ ಆಟ. ಮಳೆ, ಕೊಡೆ, ಕಾಫಿ ಲೋಟ. ಸುಮ್ನೆ ರೀಲ್ಸ್ ನೋಡಿದ ಹಾಗೆ. ಎರಡು ಚಿತ್ರದ ನಡುವೆ ಏನೂ ಹೊತ್ತಿಕೊಳ್ಳುವುದಿಲ್ಲ.

ನನ್ನದು ಹೊತ್ತಿಕೊಂಡಿತಾ ಅಂತ ಪರೀಕ್ಷೆ ಮಾಡೋಕೆ ಅಮ್ಮನಿಗೇ ಓದಿ ಹೇಳಿದೆ. ಅವಳು ಅಡಿಕೆ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು: “ಆ ಚಪ್ಪಲಿ ಸೊಸೈಟಿಯವರದ್ದಾ ಮಾರಾಯ?”