ನಮ್ಮೂರಲ್ಲಿ ಹಳೆ ಸಾಮಾನಿನ ಸಣ್ಣ ಮ್ಯೂಸಿಯಂ ಮಾಡಬೇಕು, ಎಲ್ಲಿಂದ ಶುರು ಮಾಡಬೇಕು?

ಕೊಪ್ಪಳದ ಕಡೆಯ ನಿಮ್ಮ ಹಳ್ಳಿಯಲ್ಲಿ ಐದಾರು ಗೆಳೆಯರು ಸೇರಿ ಮ್ಯೂಸಿಯಂ ಮಾಡುತ್ತೇವೆ ಅಂತ ಬರೆದಿದ್ದೀರಿ. ಹೊಲದ ಬದುವಿನಲ್ಲಿರುವ ವೀರಗಲ್ಲನ್ನು ಎತ್ತಿ ತರಬಹುದಾ ಅಂತಲೂ ಕೇಳಿದ್ದೀರಿ. ನಾನು ಬಳ್ಳಾರಿ ಜಿಲ್ಲೆಯವನು. ಕುಡತಿನಿ ಹತ್ತಿರದ ಒಂದು ಹಳ್ಳಿಯಲ್ಲಿ ನಾವು ಏಳು ಜನ ಹನ್ನೆರಡು ವರ್ಷದಿಂದ ಇಂಥದ್ದೇ ಒಂದು ಕೋಣೆ ನಡೆಸುತ್ತಿದ್ದೇವೆ. ಯಾರಿಗೂ ಸಂಬಳ ಇಲ್ಲ. ಭಾನುವಾರ ಮತ್ತು ಜಾತ್ರೆಯ ದಿನ ಬಾಗಿಲು ತೆಗೆಯುತ್ತೇವೆ. ಹಾಗಾಗಿ ಕಂಡಿದ್ದನ್ನಷ್ಟೇ ಹೇಳುತ್ತೇನೆ.

ಕೋಣೆ ಹುಡುಕುವ ಮೊದಲು ಅಂಗಡಿಗೆ ಹೋಗಿ ಒಂದು ದಪ್ಪ ರಿಜಿಸ್ಟರ್ ತನ್ನಿ. ಇದನ್ನೇ ಮೊದಲು ಹೇಳೋದಕ್ಕೆ ಕಾರಣ ಇದೆ.

ನಮ್ಮದು ಶುರುವಾಗಿದ್ದು ಒಂದು ಕೂರಿಗೆಯಿಂದ. ಪಕ್ಕದ ಓಣಿಯಲ್ಲಿ ಹಳೆ ಮಾಳಿಗೆ ಮನೆ ಕೆಡವುತ್ತಿದ್ದರು. ಬೀಜ ಬಿತ್ತುವ ಮೂರು ತಾಳಿನ ಕೂರಿಗೆಯನ್ನು ಸೌದೆಗೆ ಅಂತ ಹೊರಗೆ ಎಸೆದಿದ್ದರು. ನಾವು ಇಬ್ಬರು ಹೋಗಿ ಕೇಳಿದೆವು. ಆ ಮನೆಯ ಅವ್ವ, 'ತಗೊಂಡು ಹೋಗಿ ಏನ್ ಮಾಡ್ತೀರಪ್ಪಾ' ಅಂದರು. ಆಮೇಲೆ ತಾವೇ ಬಂದು ಕೂರಿಗೆಯ ಬಟ್ಟಲಿನ ಅಂಚನ್ನು ತೋರಿಸಿದರು. ಅದು ಒಂದು ಕಡೆ ಮಾತ್ರ ಸವೆದಿತ್ತು. ಎತ್ತು ಹೊಡೆಯುವವನು ಗಂಡಸು, ಹಿಂದೆ ನಡೆಯುತ್ತಾ ಬಟ್ಟಲಿಗೆ ಕಾಳು ಬಿಡುವವಳು ಹೆಂಗಸು, ಅಲ್ವಾ? ಅವರು ಎರೆ ಹೊಲದಲ್ಲಿ ಎಷ್ಟೋ ಹಿಂಗಾರಿ ಬಿಳಿಜೋಳ ಬಿತ್ತಿದವರು. ಸವೆದಿದ್ದು ಅವರ ಕೈ ತಾಗಿ, ಅವರಿಗಿಂತ ಮೊದಲು ಅವರ ಅತ್ತೆಯ ಕೈ ತಾಗಿ. ಆ ಮಾತನ್ನು ಅವತ್ತು ಒಂದು ಚೀಟಿಯಲ್ಲಿ ಬರೆದುಕೊಂಡೆವು. ಅವ್ವ ಈಗ ಇಲ್ಲ. ನಮ್ಮ ಕೋಣೆಗೆ ಬಂದವರು ಇವತ್ತಿಗೂ ಜಾಸ್ತಿ ಹೊತ್ತು ನಿಲ್ಲುವುದು ಆ ಕೂರಿಗೆಯ ಮುಂದೆಯೇ. ಅದರ ಮೇಲೆ ಅವರ ಹೆಸರಿದೆ. ಗಂಡನ ಹೆಸರಲ್ಲ, ಅವರದೇ ಹೆಸರು.

ಆದರೆ ಆ ಬುದ್ಧಿ ನಮಗೆ ಎಲ್ಲ ಸಾಮಾನಿಗೂ ಬರಲಿಲ್ಲ. ಮೊದಲ ಎರಡು ವರ್ಷ ಸುಮ್ನೆ ಕೂಡಿಹಾಕಿದೆವು. ಸೇರು, ಪಾವು, ಬೀಸುವ ಕಲ್ಲು, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನೆ, ಲಾಟೀನು, ಕೌದಿ, ಏನು ಸಿಕ್ಕರೂ ತಂದೆವು. ನುಣುಪಾದ ಕಲ್ಲಿನ ಕೊಡಲಿಗಳೂ ಬಂದವು. ನಮ್ಮ ಕಡೆ ಇವು ಉಳುಮೆ ಮಾಡುವಾಗ ಮೇಲೆ ಬರುತ್ತವೆ. ಹುಡುಗರು ಒಂದು ಚೀಲ ತುಂಬ ತಂದುಕೊಟ್ಟರು. ಯಾರ ಹೊಲ, ಯಾವ ದಿಕ್ಕು, ಒಂದನ್ನೂ ಬರೆಯಲಿಲ್ಲ. ಆ ಚೀಲ ಈಗಲೂ ನಮ್ಮಲ್ಲಿದೆ. ನೋಡೋಕೆ ಚೆನ್ನಾಗಿವೆ, ಆದರೆ ಏನೂ ಹೇಳೋದಿಲ್ಲ. ಇದು ನನಗೆ ಇವತ್ತಿಗೂ ನೋವು.

ಯಾಕೆ ನೋವು ಅಂದರೆ ನಮ್ಮ ನೆಲ ಅಂಥದ್ದು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ಜನ ಊರು ಕಟ್ಟಿ ಬಾಳಿದ್ದರು. ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕಪ್ಪು ಕಲ್ಲನ್ನು ಒಡೆದು, ಉಜ್ಜಿ, ರಾಶಿ ರಾಶಿ ಕೊಡಲಿ ಮಾಡಿದ್ದರು. ಅಲ್ಲಿನ ಮಣ್ಣು ತೊಳೆದು ನೋಡಿದವರಿಗೆ ಸುಟ್ಟು ಕರಿಯಾದ ಹುರುಳಿ, ಹೆಸರು, ಕೊರಲೆ ಕಾಳು ಸಿಕ್ಕಿವೆ. ನಾವು ಇವತ್ತೂ ಉಣ್ಣುವ ಹುರುಳಿ! ಒಂದು ಕೊಡಲಿ ಆ ಗುಡ್ಡದಿಂದ ಎಷ್ಟು ದೂರದ ಹೊಲದಲ್ಲಿ ಸಿಕ್ಕಿತು ಅಂತ ಗೊತ್ತಿದ್ದರೆ, ಆ ಕಾಲದ ಜನರ ಓಡಾಟವೇ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಅದು ಬರೀ ಕಲ್ಲು.

ರಾಬರ್ಟ್ ಬ್ರೂಸ್ ಫೂಟ್ ಹೆಸರು ಕೇಳಿರಬಹುದು. ಭೂವಿಜ್ಞಾನ ಇಲಾಖೆಯ ಅಧಿಕಾರಿ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಗುರುತಿಸಿದವರು. ನಮ್ಮ ಬಳ್ಳಾರಿ ಸೀಮೆಯನ್ನೂ ನಡೆದು ನೋಡಿದರು. ಅವರು ಕೂಡಿಸಿದ್ದೆಲ್ಲ 1904ರಲ್ಲಿ ಮದ್ರಾಸಿನ ಸರ್ಕಾರಿ ಮ್ಯೂಸಿಯಂಗೆ ಹೋಯಿತು. ಅಷ್ಟು ದೂರ ಹೋದರೂ ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಯಾವುದು ಯಾವ ಊರಲ್ಲಿ ಸಿಕ್ಕಿತು ಅಂತ ಪಟ್ಟಿ ಇದೆ. ನಮ್ಮ ಕುಡತಿನಿಯಲ್ಲಿ ಒಂದು ಬೂದಿ ದಿಬ್ಬ, ಅಂದರೆ ಹಳೆ ಕಾಲದ ಬೂದಿಯ ದೊಡ್ಡ ಗುಡ್ಡೆ, ಇದೆ. ರಾಕ್ಷಸರನ್ನು ಸುಟ್ಟ ಬೂದಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಇಂಥ ದಿಬ್ಬಗಳು ದನದ ಸಗಣಿ ಸುಟ್ಟು ಆದವು ಅಂತ ಫೂಟ್ ಹೇಳಿದ್ದರು. ಮುಂದೆ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾವು ನಮ್ಮ ಕೋಣೆಯಲ್ಲಿ ಎರಡನ್ನೂ ಬರೆದು ಹಾಕಿದ್ದೇವೆ. ಹಿರಿಯರ ಕಥೆಯೂ ಊರಿನ ಸ್ವತ್ತೇ. ಬಳ್ಳಾರಿಯಲ್ಲಿ ಫೂಟ್ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ನೀವು ಶುರು ಮಾಡುವ ಮೊದಲು ಗೆಳೆಯರನ್ನೆಲ್ಲ ಕರೆದುಕೊಂಡು ಹೋಗಿ ನೋಡಿ.

ರಿಜಿಸ್ಟರ್‌ನಲ್ಲಿ ಏನು ಬರೆಯಬೇಕು? ನಂಬರ್, ತಂದ ತಾರೀಖು, ಊರಲ್ಲಿ ಅದಕ್ಕೆ ಏನಂತಾರೆ, ಯಾರ ಮನೆಯದು ಅಥವಾ ಯಾವ ಹೊಲದ್ದು, ಕೊಟ್ಟವರು ಹೇಳಿದ ಮಾತು, ಅವರ ಸಹಿ. ದಾನವೋ, ಸ್ವಲ್ಪ ದಿನಕ್ಕೆ ಇಟ್ಟುಕೊಳ್ಳೋಕೆ ಕೊಟ್ಟಿದ್ದೋ ಅನ್ನೋದನ್ನೂ ಬರೆಯಿರಿ. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಮಕ್ಕಳು ಬಂದು ಕೇಳುತ್ತಾರೆ, ಆಗ ಕಷ್ಟ. ಸಾಮಾನಿನ ಮೇಲೆ ಪೇಂಟಿನಿಂದ ನಂಬರ್ ಬರೆಯಬೇಡಿ. ನೂಲಿನಲ್ಲಿ ಚೀಟಿ ಕಟ್ಟಿ.

ತೊಳೆಯುವ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ನಮ್ಮಲ್ಲೊಬ್ಬರು ಪ್ರೀತಿಯಿಂದ ಹಳೆ ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿದರು. ಇದ್ದ ಅಕ್ಷರವೂ ಹೋಯಿತು. ಮರಕ್ಕೆ ವಾರ್ನಿಷ್ ಬೇಡ, ಗೆದ್ದಲು ಬಂದಿದೆಯಾ ಅಂತ ತಿಂಗಳಿಗೊಮ್ಮೆ ನೋಡಿದರೆ ಸಾಕು. ಹಳೆ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ. ತಾಳೆಗರಿ ಸಿಕ್ಕರೆ ಬಿಚ್ಚದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕೇಳಿ.

ಕಾಗದ ಅಂದಾಗ ನೆನಪಾಯಿತು. ನಮ್ಮ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ತೆಲುಗು, ಇಂಗ್ಲಿಷ್ ಪತ್ರಗಳು ಜಾಸ್ತಿ. ನಿಮ್ಮದು ಹಿಂದೆ ಹೈದರಾಬಾದ್ ನಿಜಾಮನ ಸೀಮೆ. ನಿಮಗೆ ಉರ್ದು ಪತ್ರಗಳು ಸಿಗುತ್ತವೆ. ಓದೋಕೆ ಬರಲ್ಲ ಅಂತ ಬಿಡಬೇಡಿ. ಊರಿನ ಹಿರಿಯ ಮುಸ್ಲಿಮರಲ್ಲಿ ಉರ್ದು ಬಲ್ಲವರು ಇದ್ದೇ ಇರುತ್ತಾರೆ. ಅವರನ್ನು ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ.

ಕೋಣೆಗೆ ಪಂಚಾಯಿತಿಯ ಠರಾವು ಬೇಕೇ ಬೇಕು. ನಮಗೆ ಮೊದಲು ಒಬ್ಬರು ಬಾಯಿಮಾತಿನಲ್ಲಿ ಜಾಗ ಕೊಟ್ಟಿದ್ದರು. ಮೂರನೇ ವರ್ಷ ಒಂದೇ ವಾರದಲ್ಲಿ ಖಾಲಿ ಮಾಡಿ ಅಂದರು. ಮಳೆಯಲ್ಲಿ ಟ್ರ್ಯಾಕ್ಟರ್‌ನಲ್ಲಿ ಸಾಮಾನು ಸಾಗಿಸುವಾಗ ಎರಡು ದೊಡ್ಡ ಗಡಿಗೆ ಒಡೆದವು.

ಇನ್ನು ವೀರಗಲ್ಲು. ಬೇಡ, ಎತ್ತಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ನೆಲದಲ್ಲಿ ಹೂತಿದ್ದು ಸಿಕ್ಕರಂತೂ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮೊದಲೇ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಆದರೆ ನಾನು ಬೇಡ ಅನ್ನೋದು ಕಾಯ್ದೆಗೆ ಹೆದರಿ ಅಲ್ಲ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ ಇರುತ್ತದೆ. ಕೆಳಗೆ ದನಗಳೂ ಇದ್ದರೆ ಅದು ತುರುಗೋಳಿನ ಕಲ್ಲು, ಅಂದರೆ ಊರ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನದು. ಹಳೆ ಊರು, ಹಳೆ ಗಡಿ ಎಲ್ಲಿತ್ತು ಅಂತ ಅದು ನಿಂತ ಜಾಗದಿಂದಲೇ ಊಹಿಸಬಹುದು. ಕೋಣೆಗೆ ತಂದರೆ ಆ ಸುಳಿವು ಹೋಯಿತು. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೋರ್ಯರ ಮನೆಗಳನ್ನು, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಬಹಳ ಹಳೆ ಕಾಲದ ಸಮಾಧಿಗಳನ್ನು, ನೋಡಿದ್ದೀರಲ್ಲ. ಆ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ಹಾಲ್‌ನಲ್ಲಿ ಜೋಡಿಸಿದ್ದರೆ ಏನು ಉಳಿಯುತ್ತಿತ್ತು?

ಕಲ್ಲಿಗೆ ಯಾರೋ ಎಣ್ಣೆ ಹಚ್ಚಿ ಪೂಜೆ ಮಾಡುತ್ತಿರಬಹುದು. ಆ ಮನೆಯವರನ್ನು ಮೊದಲು ಮಾತನಾಡಿಸಿ. ಫೋಟೋ ತೆಗೆದು, ಅಳತೆ ಬರೆದು, ಸರ್ವೆ ನಂಬರ್ ಸಮೇತ ರಿಜಿಸ್ಟರ್‌ಗೆ ಸೇರಿಸಿ. ಫೋಟೋ ಕೋಣೆಯ ಗೋಡೆಗೆ ಹಾಕಿ. ನೋಡಬೇಕು ಅಂದವರನ್ನು ಹೊಲಕ್ಕೇ ಕರೆದುಕೊಂಡು ಹೋಗಿ.