ಸಂಪಾದಕರ ಉತ್ತರ: ಸೋತ ಮಗುವಿಗೆ ಇನ್ನೊಂದು ಸೂಜಿ ಬೇಕಾ?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ ಅಜ್ಜಿಯೊಬ್ಬರು ಬರೆದಿದ್ದಾರೆ. ರೇಷ್ಮೆ ಸಾಕುವ ಮನೆ. ಆರು ವರ್ಷದ ಮೊಮ್ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವ ಕಾಯಿಲೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಾನೆ, ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ, ಊತ ಇಳಿದಿದೆ. ಮನೆಗೆ ಕಳಿಸುವ ಮೊದಲು ಫ್ಲೂ ಲಸಿಕೆ ಹಾಕೋಣ ಅಂದಿದ್ದಾರೆ ಡಾಕ್ಟರು. 'ಮಗು ಮೊದಲೇ ಸೋತು ಸುಣ್ಣವಾಗಿದೆ. ಸೂಜಿಯಿಂದಲೇ ಜ್ವರ ಬಂದರೆ?' ಅನ್ನೋದು ಅಜ್ಜಿಯ ಪ್ರಶ್ನೆ.

ಅಮ್ಮಾ, ಹಾಕಿಸಿ. ಸೋತಿದ್ದಾನೆ ಅಂತಲೇ ಹಾಕಿಸಬೇಕು.

ಗಟ್ಟಿಮುಟ್ಟಾದ ಹುಡುಗ ಫ್ಲೂ ಬಂದರೆ ಒಂದು ವಾರ ಮಲಗಿ ಎದ್ದು ಆಟಕ್ಕೆ ಓಡುತ್ತಾನೆ. ನಿಮ್ಮ ಮೊಮ್ಮಗನಿಗೆ ಹಾಗಲ್ಲ. ಈ ಕಾಯಿಲೆಯ ಮಕ್ಕಳಿಗೆ ಎಷ್ಟೋ ಸಲ ಒಂದು ನೆಗಡಿ ಕೆಮ್ಮೇ ಸಾಕು, ಪ್ರೋಟೀನ್ ಮತ್ತೆ ಸೋರೋಕೆ. ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿನ ರೆಪ್ಪೆ ಊದಿದೆಯಾ ಅಂತ ನೋಡುವುದು, ಪ್ರೋಟೀನ್ ಪತ್ತೆ ಮಾಡುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಹಸಿರಾಯಿತಾ ಅಂತ ಕಾಯುವುದು, ಇದೆಲ್ಲ ಮತ್ತೆ ಶುರು. ಜೊತೆಗೆ ಸ್ಟೀರಾಯ್ಡ್‌ನಿಂದ ಮೈಯ ಕಾವಲು ಸಡಿಲವಾಗಿರುತ್ತದೆ. ಫ್ಲೂ ಎದೆಗಿಳಿದು ನ್ಯುಮೋನಿಯಾ ಆಗುವ ಭಯ ಇಂಥವರಿಗೇ ಜಾಸ್ತಿ. ಹೃದಯದ ತೊಂದರೆ, ಆಸ್ತಮಾ, ಕ್ಯಾನ್ಸರ್ ಇರುವ ಮಕ್ಕಳಿಗೂ ಇದೇ ಮಾತು.

ಸೂಜಿಯಿಂದ ಫ್ಲೂ ಬರೋದಿಲ್ಲ. ಅದರಲ್ಲಿರುವುದು ಸತ್ತ ವೈರಸ್. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೆ. ಮೂಗಿಗೆ ಸಿಂಪಡಿಸುವ ಬಗೆಯೂ ಒಂದಿದೆ. ಅದರಲ್ಲಿ ಜೀವಂತ ವೈರಸ್ ಇರುತ್ತದೆ, ನಿಮ್ಮ ಹುಡುಗನಿಗೆ ಅದು ಬೇಡ. ಮೈ ಸುಡುವಾಗ, ಉಸಿರಾಡೋಕೆ ಕಷ್ಟಪಡುವಾಗ ಸೂಜಿಯನ್ನೂ ಮುಂದಕ್ಕೆ ಹಾಕುತ್ತಾರೆ. ಈಗ ಸುಧಾರಿಸಿಕೊಂಡಿದ್ದಾನಲ್ಲ, ಡಾಕ್ಟರು ಸರಿಯಾದ ಹೊತ್ತನ್ನೇ ಹೇಳಿದ್ದಾರೆ. ಮನೆಗೆ ಹೋಗಿ ನೋಡೋಣ ಅಂದರೆ ಆಯ್ತು, ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲಿ ಯಾರಿಗೆ ನೆನಪಿರುತ್ತೆ?

'ಪೆಂಟಾ ಹಾಕಿಸಿದ್ದೀವಿ, ತಾಯಿ ಕಾರ್ಡಿನಲ್ಲಿದೆ' ಅಂತಲೂ ಬರೆದಿದ್ದೀರಿ. ಪೆಂಟಾ ಅನ್ನೋದು ಕೂಸಿದ್ದಾಗ ಹಾಕುವ ಲಸಿಕೆ, ಅದು ಬೇರೆ ರೋಗಗಳಿಗೆ. ಫ್ಲೂ ಲಸಿಕೆ ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ಸರ್ಕಾರಿ ಪಟ್ಟಿಯಲ್ಲಿಲ್ಲ, ಸಾಮಾನ್ಯವಾಗಿ ದುಡ್ಡು ಕೊಟ್ಟೇ ತರಬೇಕು. ಮೆಡಿಕಲ್ ಶಾಪಿನಿಂದ ನೀವೇ ತರುವುದಾದರೆ ಐಸ್ ಪ್ಯಾಕ್ ಜೊತೆ ಕೇಳಿ ತನ್ನಿ. ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹಾಗಂತ ಐಸಿಗೇ ಒತ್ತಿಟ್ಟು ಹೆಪ್ಪುಗಟ್ಟಿಸಿದರೂ ಕೆಟ್ಟಂತೆ. 9 ವರ್ಷದೊಳಗಿನವರಿಗೆ ಮೊದಲ ಸಲ 4 ವಾರದ ಅಂತರದಲ್ಲಿ 2 ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜೋರು, ಮುಂದಿನ ವರ್ಷ ಮಳೆ ಹಿಡಿಯುವ ಮೊದಲೇ ಮುಗಿಸಿಬಿಡಿ.

ಇಷ್ಟಾದರೂ ಲಸಿಕೆ ಪೂರ್ತಿ ಕಾಪಾಡುತ್ತೆ ಅಂತಲ್ಲ. ಸ್ಟೀರಾಯ್ಡ್ ನಡೆಯುವಾಗ ಅದು ಮೈಗೆ ಹತ್ತುವುದೇ ಸ್ವಲ್ಪ ಕಮ್ಮಿ ಇರಬಹುದು. ಅದಕ್ಕೇ ಅಪ್ಪ, ಅಮ್ಮ, ಜೊತೆಗೆ ಮಲಗುವ ನೀವು, ಎಲ್ಲರೂ ಹಾಕಿಸಿಕೊಳ್ಳಿ. ವಯಸ್ಸಾದವರಿಗೆ ಫ್ಲೂ ಕಾಟ ಜಾಸ್ತಿ ಬೇರೆ. ಇನ್ನು ನೆಂಟರು. ಕೆಮ್ಮುತ್ತಾ ಬಂದು ಮಗುವಿನ ಗಲ್ಲ ಹಿಂಡುವವರು ಬ್ರೆಡ್ಡು, ಹಣ್ಣು ವಾರ್ಡಿನ ಬಾಗಿಲಲ್ಲೇ ಕೊಟ್ಟು ಹೋಗಲಿ. ಬೇಜಾರು ಮಾಡಿಕೊಂಡರೆ ಪತ್ರಿಕೆಯವರು ಹೇಳಿದರು ಅನ್ನಿ.

- ಸಂಪಾದಕ