ಯುದ್ಧ ನಡೆಯುವ ಕಡೆ ರೋಗ ಹರಡುವುದು ಹೆಣಗಳಿಂದಾನಾ?

ಯುದ್ಧ ನಡೆಯುವ ಕಡೆ ಕಾಲರಾ, ಪೋಲಿಯೊ ಎಲ್ಲ ತಲೆ ಎತ್ತುವುದು ಹೆಣಗಳು ಕೊಳೆಯುವುದರಿಂದಾನಾ ಅಂತ ಕೇಳಿದ್ದೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಗುಂಡು ತಗುಲಿ, ಕಟ್ಟಡ ಕುಸಿದು ಸತ್ತವರ ದೇಹದಿಂದ ಸಾಂಕ್ರಾಮಿಕ ಶುರುವಾಗುವುದು ತೀರಾ ಅಪರೂಪ. (ಕಾಲರಾ, ಎಬೋಲಾದಿಂದ ಸತ್ತವರ ಮಾತು ಬೇರೆ, ಅಲ್ಲಿ ಎಚ್ಚರ ಬೇಕೇ ಬೇಕು.) ರೋಗ ಹರಡುವುದು ಬದುಕಿರುವವರಿಂದ. ದಿನವೂ ಯಾರೋ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ನಿಂತುಹೋದಾಗ.

ನಲ್ಲಿ ಪೈಪನ್ನೇ ತಗೊಳ್ಳಿ. ಒಳಗೆ ಒತ್ತಡ ಇರುವವರೆಗೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಅಷ್ಟೇ. ಕರೆಂಟು ಹೋಗಿ ಪಂಪು ನಿಂತಿತು ಅಂದರೆ ಒತ್ತಡ ಬೀಳುತ್ತದೆ, ಆಗ ಅದೇ ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಗೆ ಬರುತ್ತದೆ, ಪಂಪು ಮತ್ತೆ ಶುರುವಾದಾಗ ಅದೇ ಮನೆಮನೆಗೂ ಹೋಗುತ್ತದೆ. ಯೆಮನ್‌ನಲ್ಲಿ ಬಾಂಬಿನ ಜೊತೆ ಸಂಬಳದ ಸಮಸ್ಯೆಯೂ ಸೇರಿಕೊಂಡಿತು. 2016ರಿಂದ ಸರ್ಕಾರಿ ನೌಕರರಿಗೆ ಸಂಬಳ ನಿಂತಿತು, ಅದರಲ್ಲಿ ಕಸ ಎತ್ತುವವರೂ ಇದ್ದರು, ಆಸ್ಪತ್ರೆಯವರೂ ಇದ್ದರು. 2017ರ ಕೊನೆಗೆ ಶಂಕಿತ ಕಾಲರಾ ಪ್ರಕರಣ 10 ಲಕ್ಷ ದಾಟಿತ್ತು, ಸತ್ತವರು 2 ಸಾವಿರಕ್ಕೂ ಜಾಸ್ತಿ. ಹೊಟ್ಟೆ ಉರಿಯುವುದು ಯಾಕೆ ಗೊತ್ತಾ, ಕಾಲರಾ ಬಂದ ಬಹುಪಾಲು ಜನರಿಗೆ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) ಸಾಕು. ಸಮಯಕ್ಕೆ ಸಿಕ್ಕಬೇಕು ಅಷ್ಟೇ.

ಇನ್ನು ಲಸಿಕೆ. ಪೋಲಿಯೊ ಹನಿಯ ಸೀಸೆ ಮೇಲೆ ಒಂದು ಚಿಕ್ಕ ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಸುತ್ತಲಿನ ಬಣ್ಣಕ್ಕೆ ಬಂತು ಅಂದರೆ ಆ ಸೀಸೆ ಎಸೆಯಬೇಕು. ಫ್ರಿಜ್‌ಗೆ ಕರೆಂಟಿಲ್ಲದೆ, ಗಾಡಿ ಚೆಕ್‌ಪೋಸ್ಟ್‌ನಲ್ಲಿ ದಿನಗಟ್ಟಲೆ ನಿಂತರೆ ಒಂದು ಗುಂಡೂ ಹಾರದೆ ಲಸಿಕೆ ಕೆಡುತ್ತದೆ. ಸಿರಿಯಾದಲ್ಲಿ 1999ರಿಂದ ಕಾಣದಿದ್ದ ಪೋಲಿಯೊ 2013ರಲ್ಲಿ ವಾಪಸ್ ಬಂತು.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ನಂಬಿಕೆ. ಪೈಪು ರಿಪೇರಿ ಮಾಡಬಹುದು, ಇದನ್ನು ಅಷ್ಟು ಸುಲಭವಾಗಿ ಸರಿ ಮಾಡಲು ಆಗುವುದಿಲ್ಲ. 2011ರಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಬಿನ್ ಲಾಡೆನ್‌ನನ್ನು ಹುಡುಕಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿತ್ತು. ವಿಷಯ ಬಯಲಾದ ಮೇಲೆ ಮನೆ ಬಾಗಿಲಿಗೆ ಬರುವ ಲಸಿಕೆಯವರನ್ನು ಗೂಢಚಾರರು ಅಂತ ಅನುಮಾನಿಸುವುದು ಸಲೀಸಾಯಿತು. 2012ರಲ್ಲಿ ಉತ್ತರ ವಜೀರಿಸ್ತಾನದಲ್ಲಿ ಉಗ್ರರು ಪೋಲಿಯೊ ಹನಿಯನ್ನೇ ನಿಷೇಧಿಸಿದರು, ಅದೇ ವರ್ಷ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಬೇರೆ ಕಡೆ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಗುಂಡಿಕ್ಕಿ ಕೊಂದರು. 2014ರಲ್ಲಿ ಆ ದೇಶದಲ್ಲಿ 306 ಪೋಲಿಯೊ ಪ್ರಕರಣ. ಕಾರಣ ಇದೊಂದೇ ಅಲ್ಲ, ನಿಜ. ಆದರೆ ಸುಮ್ನೆ ಆಗಿದ್ದೂ ಅಲ್ಲ.

ಹಾಗಾದರೆ ಏನೂ ಮಾಡಕ್ಕಾಗಲ್ವಾ? ಆಗುತ್ತದೆ. 1995ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಸುಡಾನ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎರಡೂ ಕಡೆಯವರ ಜೊತೆ ಮಾತಾಡಿ, ನಾರುಹುಣ್ಣು (ಕುಡಿಯುವ ನೀರಿನಿಂದ ಮೈ ಸೇರುವ ಹುಳುವಿನ ರೋಗ) ತಡೆಯುವ ಕೆಲಸಕ್ಕೆಂದೇ ಕದನವಿರಾಮ ಮಾಡಿಸಿದರು, ಅದು ಹತ್ತಿರ ಹತ್ತಿರ ಆರು ತಿಂಗಳು ನಡೆಯಿತು. ನಾರುಹುಣ್ಣಿಗೆ ಲಸಿಕೆ ಇಲ್ಲ. ಹಂಚಿದ್ದು ಕುಡಿಯುವ ನೀರು ಸೋಸುವ ಬಟ್ಟೆ. ಯುದ್ಧ ಮತ್ತೆ ಶುರುವಾಗಿ 2005ರವರೆಗೂ ನಡೆಯಿತು.